ಮಡಿಲು ಬರಿದಾದರೂ ಬಾಳು ಬರಿದಲ್ಲ



2009ರಲ್ಲಿ ತೆರೆಕಂಡ ‘ಅಪ್’ ಎಂಬ ಅಮೆರಿಕದ ಅನಿಮೇಷನ್ ಚಲನಚಿತ್ರದಲ್ಲಿ ಕಾರ್ಲ್ ಮತ್ತು ಎಲೀ ದಂಪತಿಗಳು ಕೂಸಿಗಾಗಿ ಕೋಣೆಯನ್ನು ಸಿಂಗರಿಸುತ್ತಾರೆ. ಆ ಆಸೆ ಕೈಗೂಡುವುದಿಲ್ಲ. ಪತಿಯು ಪತ್ನಿಯನ್ನು ದೂಷಿಸದೆ, ಅವಳ ಬಾಲ್ಯದ ಕನಸಿನ ಪುಸ್ತಕವನ್ನು ಕೈಗಿಡುತ್ತಾನೆ. ಇಬ್ಬರೂ ಪ್ರವಾಸಕ್ಕೆಂದು ಕಾಸು ಕೂಡಿಡತೊಡಗುತ್ತಾರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಗರ್ಭಪಾತವಾದ ಸೊಸೆಯನ್ನೇ ದೂರುವುದುಂಟು. ಇದು ತರವಲ್ಲ. ಮೊದಲ ಮೂರು ತಿಂಗಳೊಳಗಿನ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಹೆಣ್ಣಿನ ಕಾಲ್ಗುಣವಾಗಲಿ, ಕೆಟ್ಟ ದೃಷ್ಟಿಯಾಗಲಿ ಅಲ್ಲ. ಒಮ್ಮೆ ಗರ್ಭಪಾತವಾದವರಲ್ಲಿ ಬಹುಮಂದಿ ಮುಂದೆ ಆರೋಗ್ಯವಂತ ಮಗುವನ್ನು ಪಡೆಯುತ್ತಾರೆ.

ಹೆಚ್ಚು ರಕ್ತ ಹೋದರೆ ಅಥವಾ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿರಿ. ಮುಂದಿನ ಗರ್ಭಕ್ಕೆ ಮುನ್ನ ದಂಪತಿಗಳಿಬ್ಬರೂ ವೈದ್ಯರನ್ನು ಕಾಣಿರಿ. ಪತ್ನಿಯು ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸಲಿ. ನೋವನ್ನು ಇಬ್ಬರೂ ಹಂಚಿಕೊಳ್ಳಿರಿ, ಭರವಸೆಯನ್ನು ಬಿಡದಿರಿ.