ಹಣವಿಲ್ಲದ ಇಸ್ಪೀಟು: ನಾಲ್ವರು ಕೂತು ಕಲಿಯುವ ಬ್ರಿಜ್

(ದೊಡ್ಡಬಳ್ಳಾಪುರದ ಗೆಳೆಯರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಯುಗಾದಿಯ ಮರುದಿನ ಹೊಸತೊಡಕು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಆ ದಿನ ಮನೆಯೊಳಗೆ ಬಾಡೂಟ, ತೋಪಿನಲ್ಲಿ ಇಸ್ಪೀಟು. ವರ್ಷವಿಡೀ ಎಲೆ ಮುಟ್ಟದವರೂ ಅಂದು ಒಂದು ಕೈ ನೋಡುತ್ತಾರೆ. ಮಾರನೆಯ ದಿನದ ಪತ್ರಿಕೆಯ ಒಳಪುಟದಲ್ಲಿ ಜೂಜಾಡುತ್ತಿದ್ದವರ ಬಂಧನ, ವಶಪಡಿಸಿಕೊಂಡ ಹಣ, ಬೈಕುಗಳ ಲೆಕ್ಕ ಇರುತ್ತದೆ. ಇಸ್ಪೀಟು ಎಂದರೆ ಅಂದರ್ ಬಾಹರ್, ಅಂದರ್ ಬಾಹರ್ ಎಂದರೆ ಮನೆಹಾಳು ಎಂಬ ಸಮೀಕರಣ ಈ ಭಾಗದ ಹೆಂಗಸರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸುಮ್ಮನೆ ಬಂದ ಭಯವಲ್ಲ. ಎಲೆಯ ಮೇಲೆ ಎಮ್ಮೆ ಹೋಗಿದೆ, ಒಡವೆ ಹೋಗಿದೆ, ಸೈಟೂ ಹೋಗಿದೆ.

ಆದರೆ ದೋಷ ಎಲೆಯದೋ ಆಟದ್ದೋ ಎಂದು ಕೇಳಬೇಕು. ಅಂದರ್ ಬಾಹರ್‌ನಲ್ಲಿ ಆಡುವವನು ಮಾಡುವ ಕೆಲಸ ಒಂದೇ, ಹಣ ಇಡುವುದು. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎನ್ನುವುದರಲ್ಲಿ ಅವನ ಬುದ್ಧಿಗೆ ಪಾತ್ರವೇ ಇಲ್ಲ. ಹಣ ತೆಗೆದರೆ ಆ ಆಟದಲ್ಲಿ ಏನೂ ಉಳಿಯುವುದಿಲ್ಲ, ಐದು ನಿಮಿಷಕ್ಕೆ ಆಕಳಿಕೆ ಬರುತ್ತದೆ. ಅದೇ ಐವತ್ತೆರಡು ಎಲೆಗಳಲ್ಲಿ ಆಡುವ ಬ್ರಿಜ್ ಇದಕ್ಕೆ ತದ್ವಿರುದ್ಧ. ಇಲ್ಲಿ ಹಣವಿಲ್ಲದೆಯೂ ಜನ ರಾತ್ರಿಯೆಲ್ಲ ಕೂರುತ್ತಾರೆ.

ಬ್ರಿಜ್ ಎಂದರೆ ಕ್ಲಬ್ಬಿನ ಆಟ, ಸೂಟು ಬೂಟಿನವರ ಆಟ ಎಂಬ ಹೆಸರಿದೆ. ಹೆಸರು ಪೂರ್ತಿ ಸುಳ್ಳಲ್ಲ. ಈಗಿನ ರೂಪದ ಕಾಂಟ್ರ್ಯಾಕ್ಟ್ ಬ್ರಿಜ್ ಹುಟ್ಟಿದ್ದೇ ಒಬ್ಬ ಕೋಟ್ಯಧೀಶನ ಕೈಯಲ್ಲಿ. 1925ರಲ್ಲಿ ಪನಾಮಾ ಕಾಲುವೆಯ ಮೂಲಕ ಹಡಗಿನಲ್ಲಿ ಹೋಗುತ್ತಿದ್ದ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್, ಹಳೆಯ ಬ್ರಿಜ್‌ನ ಅಂಕಗಳ ಲೆಕ್ಕವನ್ನು ತಿದ್ದಿ ಸಹಪ್ರಯಾಣಿಕರೊಡನೆ ಆಡಿ ನೋಡಿದ. ಅದರ ಅಜ್ಜಿ ವಿಸ್ಟ್. ಆ ಆಟದ ಬಗ್ಗೆ ಎಡ್ಮಂಡ್ ಹಾಯ್ಲ್ ಎಂಬಾತ 1742ರಲ್ಲೇ ಪುಸ್ತಕ ಬರೆದಿದ್ದ.

ಆದರೂ ಈ ಆಟದ ಮಾತುಗಳು ನಮಗೆ ಹೊಸವಲ್ಲ. ರಾಜಕೀಯ ವರದಿಗಳಲ್ಲಿ ದಿನವೂ ಕಾಣುವ ‘ತುರುಪಿನ ಎಲೆ’ಯ ತುರುಪು ಡಚ್ಚರ ‘ತ್ರೂಫ್’. ಕಳಾವರವೂ ಡಚ್ಚರ ‘ಕ್ಲಾವರ್’. ಇಸ್ಪೀಟು ಪೋರ್ಚುಗೀಸರ ‘ಎಸ್ಪಾದ’ದ ಬಂಧು, ಒಂದು ಜಾತಿಯ ಎಲೆಯ ಹೆಸರು ಕನ್ನಡದಲ್ಲಿ ಇಡೀ ಕಟ್ಟಿಗೇ ಹೆಸರಾಯಿತು.

ಯೂರೋಪಿನ ಎಲೆಯೊಂದೇ ಇಲ್ಲಿನ ಎಲೆಯೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಗಂಜೀಫದ ಹುಚ್ಚು ಎಷ್ಟಿತ್ತೆಂದರೆ, ಅವರು ತಾವೇ ಹೊಸ ಹೊಸ ಆಟಗಳನ್ನು ಕಟ್ಟಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ದಶಾವತಾರ ಗಂಜೀಫಕ್ಕೆ ಹತ್ತು ಜಾತಿಯ 120 ಎಲೆ ಸಾಕು. ಒಡೆಯರ ಕೆಲವು ಆಟಗಳಿಗೆ ಹದಿನೆಂಟು ಜಾತಿಯವರೆಗೂ ಬೇಕಿತ್ತು, ಒಂದು ಕಟ್ಟು 360 ಎಲೆಯವರೆಗೂ ಹೋಗುತ್ತಿತ್ತು. ಅವು ಅರಮನೆಯ ಹೊರಗೆ ಹರಡಲಿಲ್ಲ. ಅಷ್ಟು ಎಲೆ ಬರೆಸಲು ಚಿತ್ರಗಾರ ಬೇಕು, ಅಷ್ಟು ನಿಯಮ ನೆನಪಿಡಲು ಅರಮನೆಯ ಬಿಡುವು ಬೇಕು. ಎಲೆಯ ಚಿತ್ರಕಲೆ ಉಳಿದು ಆಟ ಮರೆತುಹೋಯಿತು. ಬ್ರಿಜ್ ಬದುಕಿದ್ದು ಕಿರಾಣಿ ಅಂಗಡಿಯಲ್ಲಿ ಸಿಗುವ ಒಂದು ಕಟ್ಟು ಎಲೆಯಲ್ಲೇ ಮುಗಿಯುವುದರಿಂದ.

ಈಗ ಆಟಕ್ಕೆ ಬರೋಣ. ನಾಲ್ವರು, ಎದುರುಬದುರು ಕೂತವರು ಜೊತೆ. ಎಲೆ ಕಲಸಿ ಹಂಚಿದರೆ ಒಬ್ಬೊಬ್ಬರಿಗೆ ಹದಿಮೂರು. ಒಬ್ಬ ಇಳಿದ ಜಾತಿಯ ಎಲೆಯನ್ನೇ ಉಳಿದವರೂ ಇಳಿಯಬೇಕು, ಇಲ್ಲದಿದ್ದರೆ ಬೇರೆ ಎಲೆ ಹಾಕಬಹುದು. ಸುತ್ತಿನಲ್ಲಿ ದೊಡ್ಡ ಎಲೆಗೆ ಗೆಲುವು. ತುರುಪು ಬಿದ್ದರೆ ಗೆಲುವು ತುರುಪಿಗೆ. ಚಿಕ್ಕಂದಿನಲ್ಲಿ ‘ಕತ್ತೆ’ ಆಡಿದವರಿಗೆ ಇದರಲ್ಲಿ ಅರ್ಧ ಗೊತ್ತು. ‘ಇಪ್ಪತ್ತೆಂಟು’ ಆಡಿದವರಿಗೆ ಮುಕ್ಕಾಲು ಗೊತ್ತು, ಏಕೆಂದರೆ ಅದರಲ್ಲೂ ಜೊತೆಗಾರನಿದ್ದಾನೆ, ಕೂಗಿದೆ, ತುರುಪಿದೆ.

ಹೊಸಬರು ಹೆದರುವುದು ಕೂಗಿಗೆ. ವಿಜಯಪುರದ ರೇಷ್ಮೆಗೂಡು ಮಾರುಕಟ್ಟೆಯ ಹರಾಜು ಕಂಡವರಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಹದಿಮೂರು ಸುತ್ತಿನಲ್ಲಿ ಎಷ್ಟು ಗೆಲ್ಲುತ್ತೇವೆ, ಯಾವುದು ತುರುಪು ಎಂಬುದರ ಹರಾಜು ಇದು. ಮೊದಲ ಆರು ಸುತ್ತು ಲೆಕ್ಕಕ್ಕಿಲ್ಲ. ‘ಒಂದು ಇಸ್ಪೀಟು’ ಎಂದರೆ ಇಸ್ಪೀಟು ತುರುಪಾದರೆ ಏಳು ಸುತ್ತು ನಮ್ಮವು ಎಂಬ ಕರಾರು. ಇದನ್ನು ಮೀರಿಸುವವರು ಮೇಲಕ್ಕೆ ಕೂಗಬೇಕು. ಕೊನೆಯ ಕೂಗು ಯಾರದೋ ಅವರ ಮೇಲೆ ಹೊಣೆ. ಒಪ್ಪಿದಷ್ಟು ಗೆಲ್ಲದಿದ್ದರೆ ದಂಡ.

ಕೈಯ ಬಲ ಅಳೆಯಲು ಸುಲಭದ ಲೆಕ್ಕವಿದೆ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಇಡೀ ಕಟ್ಟಿಗೆ ನಲವತ್ತು, ತಲೆಗೆ ಸರಾಸರಿ ಹತ್ತು. ನಿಮ್ಮ ಕೈಯಲ್ಲಿ ಐದು ಇಸ್ಪೀಟು ಇದ್ದು ಅದರಲ್ಲಿ ಎಕ್ಕ, ರಾಜ ಇವೆ ಎನ್ನಿ. ಜೊತೆಗೆ ಆಟೀನು ರಾಣಿ, ಡೈಮಂಡ್ ರಾಜ, ಕಳಾವರ ಗುಲಾಮ. ಕೂಡಿದರೆ ಹದಿಮೂರು. ಒಂದು ಇಸ್ಪೀಟು ಎಂದು ಧೈರ್ಯವಾಗಿ ಶುರು ಮಾಡಬಹುದು. ಎದುರಿನ ಗೆಳೆಯನಲ್ಲಿ ನಾಲ್ಕು ಇಸ್ಪೀಟೂ ಹನ್ನೆರಡು ಅಂಕವೂ ಇದ್ದರೆ ಇಬ್ಬರದೂ ಸೇರಿ ಇಪ್ಪತ್ತೈದು. ಕೂಗು ಮೆಲ್ಲಗೆ ಏರಿ ನಾಲ್ಕು ಇಸ್ಪೀಟಿಗೆ, ಅಂದರೆ ಹತ್ತು ಸುತ್ತಿನ ಕರಾರಿಗೆ ಬಂದು ನಿಲ್ಲುತ್ತದೆ.

ಈ ಕೂಗಿನ ಮಾತುಗಳನ್ನು ಬಿಟ್ಟರೆ ಜೊತೆಗಾರರು ಬೇರೆ ಮಾತಾಡುವಂತಿಲ್ಲ. ಕೆಮ್ಮುವುದು, ಕಣ್ಣು ಮಿಟುಕಿಸುವುದು, ಚಾಪೆಯ ಕೆಳಗೆ ಕಾಲು ಒತ್ತುವುದು ಎಲ್ಲ ಮೋಸವೇ. (ಹಳ್ಳಿಯ ಜೋಡಿ ಆಟಗಳಲ್ಲಿ ಪಳಗಿದ ಕೆಲವರಿಗೆ ಇದೇ ಕಷ್ಟದ ನಿಯಮವಾದೀತು.) ಕಾಣದ ಕೈಯನ್ನು ನಾಲ್ಕಾರು ಮಾತಿನಲ್ಲಿ ಊಹಿಸಬೇಕು, ಗೆಳೆಯ ತಪ್ಪು ಊಹಿಸಿದರೂ ಅವನೊಡನೆಯೇ ಸೋಲಬೇಕು.

ಆಟ ಶುರುವಾದ ಮೇಲೆ ಒಂದು ವಿಚಿತ್ರ. ಎದುರಾಳಿಯ ಮೊದಲ ಎಲೆ ಬಿದ್ದ ಕೂಡಲೇ ಕರಾರು ಮಾಡಿದವನ ಜೊತೆಗಾರ ತನ್ನ ಹದಿಮೂರು ಎಲೆಯನ್ನೂ ಎಲ್ಲರಿಗೂ ಕಾಣುವಂತೆ ಹಾಸಿ ಸುಮ್ಮನಾಗುತ್ತಾನೆ. ಅವನೇ ಡಮ್ಮಿ. ಚಹಾ ಮಾಡುವ ಕೆಲಸ ಸಾಮಾನ್ಯವಾಗಿ ಅವನ ಪಾಲಿಗೆ. ಕರಾರು ಮಾಡಿದವನೇ ಎರಡೂ ಕೈಗಳ ಎಲೆ ಇಳಿಸುತ್ತಾನೆ.

ಇಲ್ಲಿ ಬುದ್ಧಿಯ ಕೆಲಸ ಹೇಗಿರುತ್ತದೆ ಎನ್ನಲು ಒಂದು ಉದಾಹರಣೆ ಸಾಕು. ಡಮ್ಮಿಯಲ್ಲಿ ಆಟೀನಿನ ಎಕ್ಕ, ರಾಣಿ ಇವೆ. ರಾಜ ಎದುರಾಳಿಗಳಲ್ಲಿ ಒಬ್ಬನ ಬಳಿ. ಮೊದಲೇ ಎಕ್ಕ ಇಳಿದು ಆಮೇಲೆ ರಾಣಿ ಇಳಿದರೆ ರಾಣಿ ರಾಜನಿಗೆ ಬಲಿ. ಅದರ ಬದಲು ನಿಮ್ಮ ಕೈಯಿಂದ ಸಣ್ಣ ಆಟೀನು ಇಳಿಯಿರಿ. ಡಮ್ಮಿಗಿಂತ ಮೊದಲು ಆಡಬೇಕಾದವನು ನಿಮ್ಮ ಎಡಗಡೆಯವನು. ಅವನು ರಾಜನನ್ನು ಹಾಕಿದರೆ ಎಕ್ಕದಿಂದ ಹೊಡೆಯಿರಿ, ಸಣ್ಣದು ಹಾಕಿದರೆ ರಾಣಿಯನ್ನೇ ಹಾಕಿ. ರಾಜ ಎಡಗಡೆಯವನ ಬಳಿ ಇದ್ದರೆ ಎರಡೂ ಸುತ್ತು ನಿಮ್ಮವು. ಬಲಗಡೆ ಇದ್ದರೆ ಒಂದು ಹೋಯಿತು. ಕಣ್ಣು ಮುಚ್ಚಿ ಆಡಿದರೆ ಇದು ಎಂಟಾಣೆ ಅದೃಷ್ಟ. ಆದರೆ ಬಲಗಡೆಯವನು ಕೂಗಿನಲ್ಲಿ ಮೇಲೇರಿ ಬಂದಿದ್ದನೇ ಎಂದು ನೆನಪಿಟ್ಟವನಿಗೆ ರಾಜನ ಮನೆ ಎಲ್ಲಿ ಎಂಬ ಅಂದಾಜು ಸಿಗುತ್ತದೆ.

ಒಳ್ಳೆಯ ಎಲೆ ಬಂದವನು ಗೆದ್ದ, ಅದರಲ್ಲೇನು ಹೆಚ್ಚುಗಾರಿಕೆ ಎನ್ನುವವರಿಗೂ ಉತ್ತರವಿದೆ. ಹದಿಮೂರು ಎಲೆಯ ಕೈಗಳು 63,500 ಕೋಟಿಗೂ ಹೆಚ್ಚು ಬಗೆಯಲ್ಲಿ ಬರಬಹುದು, ನಿಜ. ಆದರೆ ಪಂದ್ಯಗಳಲ್ಲಿ ಒಮ್ಮೆ ಹಂಚಿದ ಎಲೆಗಳನ್ನು ಹಾಗೆಯೇ ಇನ್ನೊಂದು ಮೇಜಿಗೆ ಒಯ್ಯುತ್ತಾರೆ. ಅದೇ ಎಲೆಯಲ್ಲಿ ಆ ಮೇಜಿನವರು ಎಷ್ಟು ಮಾಡಿದರು, ಈ ಮೇಜಿನವರು ಎಷ್ಟು ಮಾಡಿದರು ಎಂದು ಹೋಲಿಸುತ್ತಾರೆ. ಕೆಟ್ಟ ಎಲೆ ಹಿಡಿದವನೂ ಕಡಿಮೆ ಸೋತು ಗೆಲ್ಲಬಹುದು. ಎಂಟು ಗೆಳೆಯರಿದ್ದರೆ ಇದನ್ನು ಎರಡು ಜಗಲಿಗಳಲ್ಲೇ ಆಡಬಹುದು.

ಪೊಲೀಸರ ಮಾತೂ ಬರಬೇಕಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಿಸುತ್ತದೆ, ಆದರೆ ಅಪ್ಪಟ ಕೌಶಲದ ಆಟಗಳನ್ನು ಜೂಜುಕಟ್ಟೆಯ ಕಲಮುಗಳಿಂದ ಹೊರಗಿಟ್ಟಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ಮೂರೆಲೆಯ ಆಟವನ್ನೂ ರಮ್ಮಿಯನ್ನೂ ಬೇರೆ ಮಾಡಿತು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೂಗಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದು ಎಂದಿತು. ರಮ್ಮಿಯನ್ನು ಅಳೆಯಲು ನ್ಯಾಯಾಲಯ ಎತ್ತಿಕೊಂಡ ಅಳತೆಗೋಲು ಬ್ರಿಜ್ ಎಂಬುದನ್ನು ಗಮನಿಸಿ. ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಮಾತು ಬೇರೆ. ಕೌಶಲವಿರಲಿ, ಅದೃಷ್ಟವಿರಲಿ, 2025ರ ಕೇಂದ್ರ ಕಾಯ್ದೆ ಅದನ್ನು ನಿಷೇಧಿಸಿದೆ. ಆ ಗೊಡವೆಯೇ ಇಲ್ಲಿ ಬೇಡ.

2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಬ್ರಿಜ್‌ಗೆ ಸ್ಥಾನ ಸಿಕ್ಕಿತು. ಪುರುಷರ ಜೋಡಿ ವಿಭಾಗದಲ್ಲಿ ಭಾರತದ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಚಿನ್ನ ಗೆದ್ದರು. ಬರ್ಧನ್ ಅವರಿಗೆ ಆಗ ಅರವತ್ತು ವರ್ಷ, ಸರ್ಕಾರ್ ಅವರಿಗೆ ಐವತ್ತಾರು. ಕಲಿಯುವ ವಯಸ್ಸು ಮೀರಿತು ಎನ್ನುವವರು ಈ ಎರಡು ಸಂಖ್ಯೆಗಳನ್ನು ನೆನಪಿಡಲಿ.

ಕಲಿಯಲು ಪುಸ್ತಕ ತೆರೆದು ಕೂರಬೇಕಾಗಿಲ್ಲ. ಮೊದಲ ವಾರ ತುರುಪಿಲ್ಲದೆ, ಕೂಗಿಲ್ಲದೆ, ಸುಮ್ಮನೆ ಸುತ್ತು ಎಣಿಸಿ ಆಡಿ. ಎರಡನೇ ವಾರ ಅಂಕ ಎಣಿಸಿ, ಹೆಚ್ಚು ಅಂಕ ಬಂದ ಜೋಡಿ ತುರುಪು ಆರಿಸಲಿ, ಡಮ್ಮಿ ಎಲೆ ಹಾಸಲಿ. ಕೂಗು ಮೂರನೇ ವಾರಕ್ಕೆ. ಅರಳಿಕಟ್ಟೆ ಬೇಡ, ತೋಪಂತೂ ಬೇಡವೇ ಬೇಡ. ಮನೆಯ ನಡುಮನೆಯಲ್ಲೇ ಬಾಗಿಲು ತೆರೆದು ಕೂರಿ. ಈ ಊರಿನಲ್ಲಿ ಎಲೆ ಸಿಗುತ್ತದೆ, ಭಾನುವಾರದ ಬಿಡುವೂ ಸಿಗುತ್ತದೆ; ಸಿಗದಿರುವುದು ಸಾಮಾನ್ಯವಾಗಿ ನಾಲ್ಕನೆಯವರು. ಆ ಜಾಗಕ್ಕೆ ಮನೆಯ ಹೆಂಗಸರನ್ನು ಕೇಳಿ ನೋಡಿ. ಚೌಕಾಬಾರ, ಅಳಗುಳಿಮಣೆಯಲ್ಲಿ ಮನೆಯವರನ್ನೆಲ್ಲ ಸೋಲಿಸಿದವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ.