ಸೈಕಲ್ ಮ್ಯಾಲಿಂದ ಕಂಡ ಭೀಮಾತೀರ



ಸೈಕಲ್ ಪ್ರವಾಸ ಅಂದರೆ ಕಡಲದಂಡೆ, ಬಂಡೆಗುಡ್ಡ ಅಂತ ಪೇಪರಿನಾಗ ಓದಿದ್ದೆವು. ನಮ್ಮ ಕಡೆ ಕಡಲೆಲ್ಲಿ ಬರಬೇಕು? ಇರೋದು ಎರಿ ಹೊಲ, ಅಮರ್ಜೆ, ಭೀಮೆ. ಆಳಂದ ಬಿಟ್ಟು, ಕೊರಳ್ಳಿಯ ಅಮರ್ಜಾ ಆಣೆಕಟ್ಟು ನೋಡಿ, ಆ ಹೊಳೆ ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮ ಕಂಡು, ಮುಂದೆ ಜೇವರ್ಗಿ ಮುಟ್ಟುವುದೆಂದು ನಾವು ಐದು ಮಂದಿ ಸದಸ್ಯರು ಹೊರಟೆವು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ; ಜೊತೆಗೊಂದು ಗಾಳಿ ಪಂಪು.

ಅಫಜಲಪುರ ತಾಲೂಕಿನ ಹೊಲದ ದಾರಿಯಲ್ಲಿ ಮಳೆ ಹಿಡಿಯಿತು. ಎರಿ ಮಣ್ಣು ಮಡಗಾರ್ಡಿನಾಗ ಮೆತ್ತಿ ಗಾಲಿ ತಿರುಗಲೊಲ್ಲವು. ಕಡ್ಡಿಯಿಂದ ಕೆರೆಯುವುದು, ಹತ್ತು ಹೆಜ್ಜೆ ನೂಕುವುದು, ಮತ್ತೆ ಕೆರೆಯುವುದು. ಕಡೀಕ ಸೈಕಲ್ಲೇ ನಮ್ಮ ಹೆಗಲೇರಿದವು!

ಹೊಳೆದಂಡೆಯ ಊರೊಂದರಲ್ಲಿ ಆಯಿಯೊಬ್ಬಳು ಕರೆದು ಚಹಾ ಕೊಟ್ಟಳು. ಗೋಡೆಯ ಮೇಲೆ 2020ರ ಅಕ್ಟೋಬರ್ ಪ್ರವಾಹದ ನೀರಿನ ಗೆರೆ ಇನ್ನೂ ಇತ್ತು. “ತೊಗರಿ ಹೋತು, ಸೊಸೈಟಿ ಸಾಲ ಉಳೀತು ನೋಡ್ರಿ” ಅಂದಳು. ನಾವೂ ಒಂದು ಸೊಸೈಟಿಯವರೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾವು ವಹಿಯಲ್ಲಿ ‘ಸುಸ್ತಿದಾರರು’ ಎಂದು ಬರೆಯುವುದು ಇಂಥವರನ್ನೇ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಒಂದೇ ಕೇಳಿಕೆ: ನೋಟಿಸು ಹೊರಡುವ ಮೊದಲು ಒಬ್ಬ ಡೈರೆಕ್ಟರು ಆ ಮನಿತನಕ ಸೈಕಲ್ ಮ್ಯಾಲ ಹೋಗಿ ಬರಲಿ. ಮಳೆಗಾಲವಾದರೆ ಮಡಗಾರ್ಡ್ ಬಿಚ್ಚಿಟ್ಟು ಹೋಗ್ರಿ.