ಪಟ್ಟಮಹಾದೇವಿ ಶಾಂತಲೆಯೂ ಅವಳ ಮನೆತನವೂ



ಬೇಲೂರಿನ ದೇವಾಲಯವನ್ನು ನೋಡಿಬಂದವರಲ್ಲಿ ಶಾಂತಲೆಯ ಹೆಸರನ್ನು ಕೇಳದವರು ವಿರಳ. ಕನ್ನಡಿ ಹಿಡಿದು ನಿಂತ ಮದನಿಕೆಯೇ ಆ ರಾಣಿಯೆಂದು ಅಲ್ಲಿ ತೋರಿಸುವವರುಂಟು; ಮನಸ್ಸಿನ ಕೊರಗನ್ನು ತಾಳಲಾರದೆ ಶಿವಗಂಗೆಯ ಬೆಟ್ಟದಿಂದ ಕೆಳಗೆ ಹಾರಿದಳೆಂದು ಕಥೆ ಹೇಳುವವರೂ ಉಂಟು. ಕಥೆಗೆ ಅದರದೇ ಆದ ಸೊಗಸಿರಬಹುದು. ಆದರೆ ಆಕೆಯ ಕಾಲದವರೇ ಕಲ್ಲಿನಲ್ಲಿ ಕೊರೆಯಿಸಿದ ಮಾತು ದೊರೆತಿರುವಾಗ, ಮೊದಲು ಅದಕ್ಕೆ ಕಿವಿಗೊಡುವುದು ನ್ಯಾಯವಲ್ಲವೆ? ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿಯೇ ಅಚ್ಚುಮಾಡಿಸಿ ಈ ಉಪಕಾರವನ್ನು ನಮಗೆ ಮಾಡಿದ್ದಾರೆ.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ಶಿವಭಕ್ತ. ತಾಯಿ ಮಾಚಿಕಬ್ಬೆ ದಂಡನಾಯಕ ಬಲದೇವನ ಮಗಳು, ಜಿನಭಕ್ತೆ. ಕೈಹಿಡಿದ ಪತಿಯಾದರೋ, ತಲಕಾಡನ್ನು ಚೋಳರಿಂದ ಗೆದ್ದುಕೊಂಡು 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನ. ಹೀಗೆ ಒಂದೇ ಮನೆತನದೊಳಗೆ ಮೂರು ದೇವರ ದೀಪಗಳು ಉರಿಯುತ್ತಿದ್ದುವು. ಶಾಂತಲೆ ತಾನು ತಾಯಿಯ ಧರ್ಮವನ್ನು ಹಿಡಿದು ಬಾಳಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಆದರೂ ಪತಿಯ ಮಹಾದೇವಾಲಯದ ಮಗ್ಗುಲಲ್ಲಿಯೇ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ಆಕೆಯೇ. ಹಳೇಬೀಡಿನ ಜೋಡಿ ಶಿವಾಲಯದಲ್ಲಿ ಒಂದು ಲಿಂಗ ಅರಸನ ಹೆಸರನ್ನೂ, ಮತ್ತೊಂದು ಶಾಂತಲೇಶ್ವರನೆಂದು ಈಕೆಯ ಹೆಸರನ್ನೂ ಹೊತ್ತಿವೆ.

1123ರಲ್ಲಿ ಆಕೆ ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನಿಗೆ ಬಸದಿಯೊಂದನ್ನು ಕಟ್ಟಿಸಿ, ಅದರ ಪೂಜೆಗೂ ಮುನಿಗಳ ಆಹಾರಕ್ಕೂ ಮೊಟ್ಟೆನವಿಲೆಯೆಂಬ ಗ್ರಾಮವನ್ನು ಬಿಟ್ಟಳು. ಬಸದಿಯ ಹೆಸರು ಸವತಿಗಂಧವಾರಣ. ಇದು ರಾಣಿಯ ಬಿರುದು: ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ. ಶಾಂತಿಯ ಮೂರ್ತಿಯಿರುವ ಮನೆಗೆ ಇಂಥ ಹೆಸರೇ ಎಂದು ನಾವು ನಗಬಹುದು. ಆದರೆ ಹಲವು ರಾಣಿಯರಿದ್ದ ಅರಮನೆಯಲ್ಲಿ ಪಟ್ಟವನ್ನು ಉಳಿಸಿಕೊಳ್ಳುವುದು ಸುಖದ ಬಾಳೇನೂ ಆಗಿರಲಿಲ್ಲವೆಂಬುದನ್ನು ಈ ಒಂದು ಬಿರುದು ಸಾರುತ್ತದೆ. ಗೀತ ವಾದ್ಯ ನೃತ್ಯಗಳಲ್ಲಿಯೂ ವಿವೇಕದಲ್ಲಿಯೂ ಆಕೆಗಿದ್ದ ಹಿರಿಮೆಯನ್ನು ಶಾಸನಗಳು ಹೊಗಳುತ್ತವೆ. ಹೊಗಳಿಕೆಯಲ್ಲಿ ಕವಿಯ ಪಾಲೆಷ್ಟಿದ್ದರೂ, ಗ್ರಾಮವನ್ನು ಬಿಟ್ಟ ದತ್ತಿ ಕೇವಲ ಕವಿತೆಯಲ್ಲ. ಅದು ಅಧಿಕಾರದ ಕುರುಹು.

ಕೊನೆಗೂ ಸಿಂಹಾಸನವೇರಿದವನು ಶಾಂತಲೆಯ ಮಗನಲ್ಲ. ಲಕ್ಷ್ಮೀದೇವಿಯೆಂಬ ರಾಣಿಯಲ್ಲಿ ಹುಟ್ಟಿದ ನರಸಿಂಹ. ಶಾಂತಲೆ 1131ರ ಚೈತ್ರಮಾಸದಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥೆಯಾದಳೆಂದು ಬಸದಿಯ ಶಾಸನವು ಹೇಳುತ್ತದೆ. ಅಲ್ಲಿ ಬೆಟ್ಟದಿಂದ ಹಾರಿದ ಮಾತಿಲ್ಲ. ಪತಿಯೊಡನೆ ಮುನಿಸಿಕೊಂಡ ಮಾತೂ ಇಲ್ಲ.

ಮುಂದಿನ ಸಂಗತಿಯೇ ಮನಸ್ಸನ್ನು ಕಲಕುವಂಥದು. ಮಗಳು ದೇವಲೋಕಕ್ಕೆ ಸಂದ ಮೇಲೆ ತಾನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಗುರುಗಳ ಸಮಕ್ಷಮದಲ್ಲಿ ವ್ರತವನ್ನು ಕೈಕೊಂಡು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ತ್ಯಜಿಸಿದಳು. ಧರ್ಮಶಾಸ್ತ್ರವು ಇದನ್ನು ಸಮಾಧಿಯೆನ್ನುತ್ತದೆ. ವ್ರತದಲ್ಲಿ ಶೋಕಕ್ಕೆ ಎಡೆಯಿಲ್ಲವೆಂದೂ ಅದೇ ಶಾಸ್ತ್ರ ಹೇಳೀತು. ಆದರೆ ಶಾಸನವನ್ನು ರಚಿಸಿದವನು ತಾಯಿಯ ಮಾತನ್ನು ಬಿಡಲಿಲ್ಲ. ವ್ರತದ ಪಕ್ಕದಲ್ಲಿಯೇ ಅದನ್ನು ಇಟ್ಟಿದ್ದಾನೆ.

ಬೇಲೂರಿಗೆ ಹೋದವರು ಚಿಕ್ಕಬೆಟ್ಟವನ್ನೂ ಒಮ್ಮೆ ಹತ್ತಬೇಕೆಂದು ನನ್ನ ವಿಜ್ಞಾಪನೆ. ಅಲ್ಲಿ ಮದನಿಕೆಯರ ಬೆಡಗಿಲ್ಲ. ಸವತಿಯರಿಗೆ ಮದ್ದಾನೆಯೆನಿಸಿದವಳು ಅಲ್ಲಿ ಒಬ್ಬ ತಾಯಿಗೆ ಮಗಳಾಗಿ ಉಳಿದಿದ್ದಾಳೆ.